ಚಿಗಟ ಇರುವುದೆಲ್ಲಿ?



ಈ ದತ್ತಿ ಉಪನ್ಯಾಸದ ವೇದಿಕೆಯಲ್ಲಿ ನನಗಿಂತ ಮೊದಲು ನಿಂತವರು ವಚನ, ಶಾಸನ, ಹರಿದಾಸ ಸಾಹಿತ್ಯದ ಬಗ್ಗೆ ಮಾತಾಡಿ ಹೋಗಿದ್ದಾರೆ. ಈ ಸಲ ಪಶುವೈದ್ಯನೊಬ್ಬನನ್ನು ಕರೆಯಬೇಕೆಂದು ದತ್ತಿದಾನಿಗಳಿಗೆ ಯಾಕೆ ಅನ್ನಿಸಿತೋ ತಿಳಿಯದು. 'ಮನೆಮಂದಿಗೆಲ್ಲ ಉಪಯೋಗವಾಗುವ ವಿಷಯ ಇರಲಿ' ಎಂದಷ್ಟೇ ಹೇಳಿದ್ದರು. ಹಾಗಾಗಿ ಚಿಗಟ. ಆಹ್ವಾನ ಪತ್ರಿಕೆ ನೋಡಿದ ಒಬ್ಬಿಬ್ಬರು ಅಚ್ಚಿನ ದೋಷವಿರಬೇಕೆಂದು ಕಾರ್ಯದರ್ಶಿಗಳಿಗೆ ಫೋನು ಮಾಡಿದ್ದರಂತೆ. ದೋಷವಲ್ಲ. ಮುಕ್ಕಾಲು ಗಂಟೆ ಚಿಗಟದ ಬಗ್ಗೆಯೇ ಮಾತಾಡುತ್ತೇನೆ. ಅಲ್ಲಲ್ಲಿ ಮೈ ಕೆರೆದುಕೊಳ್ಳಬೇಕೆನಿಸಿದರೆ ಸಂಕೋಚ ಬೇಡ. ಈ ವಿಷಯ ಎತ್ತಿದಾಗ ಎಲ್ಲ ಸಭೆಗಳಲ್ಲೂ ಹಾಗಾಗುತ್ತದೆ.

ನಾಯಿ ಸಾಕಿದವರು ಆಸ್ಪತ್ರೆಗೆ ಬಂದು ಹೇಳುವ ಮಾತು ಬಹುತೇಕ ಒಂದೇ. 'ಡಾಕ್ಟ್ರೇ, ವಾರಕ್ಕೊಂದು ಸಲ ಶಾಂಪೂ ಹಾಕಿ ತಿಕ್ತೀವಿ. ಎರಡು ದಿನ ಚೆನ್ನಾಗಿರುತ್ತೆ, ಮತ್ತೆ ಕೆರೆಯೋಕೆ ಶುರು ಮಾಡುತ್ತೆ. ಶಾಂಪೂನೇ ಸರಿಯಿಲ್ವೇನೋ.' ಶಾಂಪೂ ಸರಿಯಾಗಿಯೇ ಇರುತ್ತದೆ. ಅಂದು ನಾಯಿಯ ಮೈಮೇಲಿದ್ದ ಚಿಗಟಗಳು ಸತ್ತದ್ದೂ ನಿಜ. ಎರಡು ದಿನ ಬಿಟ್ಟು ಸಿಕ್ಕಿದ್ದು ಸೋಫಾದ ಕೆಳಗಿನಿಂದ ಹೊಸದಾಗಿ ಹತ್ತಿಕೊಂಡವು. ನಾವು ನಾಯಿಯ ಮೈ ತೊಳೆಯುತ್ತೇವೆ, ಚಿಗಟ ಮನೆಯಲ್ಲಿ ಹುಟ್ಟುತ್ತಿರುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ಆಸಾಮಿಯ ಗುರುತು ಆಗಲಿ. ಚಿಗಟ ತೋರಿಸುತ್ತೇನೆಂದು ಕಾಗದದಲ್ಲಿ ಸುತ್ತಿ ತರುವ ಪೊಟ್ಟಣದಲ್ಲಿ ಎಷ್ಟೋ ಸಲ ಇರುವುದು ಉಣ್ಣೆ, ಹಳ್ಳಿಯ ಕಡೆಯವರು ಉಣುಗು ಅನ್ನುವುದು. ಉಣ್ಣೆಗೆ ಎಂಟು ಕಾಲು. ಕಿವಿಯ ಒಳಗೋ ಬೆರಳಿನ ಸಂದಿಯಲ್ಲೋ ಕಚ್ಚಿ ಹಿಡಿದು ಊದಿಕೊಂಡು ಕೂತಲ್ಲೇ ಕೂತಿರುತ್ತದೆ. ಶಿವಮೊಗ್ಗ ಜಿಲ್ಲೆಯಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ, ಚಿಗಟದಿಂದಲ್ಲ. ಚಿಗಟಕ್ಕೆ ಆರು ಕಾಲು, ರೆಕ್ಕೆ ಇಲ್ಲ, ಬಣ್ಣ ಕಂದು. ದೇಹ ಎಡಬಲದಿಂದ ಅದುಮಿದ ಹಾಗೆ ಚಪ್ಪಟೆ. ಆದ್ದರಿಂದಲೇ ಒತ್ತಾದ ಕೂದಲ ನಡುವೆ ಸಲೀಸಾಗಿ ಓಡುತ್ತದೆ. ಮೈಮೇಲಿನ ಮುಳ್ಳುಗಳೆಲ್ಲ ಹಿಂದಕ್ಕೆ ಬಾಗಿವೆ. ನಾಯಿ ಎಷ್ಟು ಕೆರೆದರೂ ಅವು ಕೂದಲಿಗೆ ಸಿಕ್ಕಿಕೊಂಡು ಹಿಡಿತ ಕೊಡುತ್ತವೆ. ಹಿಂಗಾಲಿನ ಬುಡದಲ್ಲಿ ರೆಸಿಲಿನ್ ಎಂಬ ರಬ್ಬರಿನ ಗುಣದ ಪ್ರೋಟೀನು ಇದೆ. ಸ್ನಾಯು ಅದನ್ನು ನಿಧಾನಕ್ಕೆ ಅದುಮಿ ಇಟ್ಟುಕೊಳ್ಳುತ್ತದೆ, ಬೇಕಾದಾಗ ಒಮ್ಮೆಲೇ ಬಿಡುತ್ತದೆ. ಬರೀ ಸ್ನಾಯುಬಲದಿಂದ ಅಷ್ಟು ವೇಗದ ನೆಗೆತ ಸಾಧ್ಯವಿಲ್ಲವೆಂದು ಬೆನೆಟ್-ಕ್ಲಾರ್ಕ್ ಮತ್ತು ಲೂಸಿ ಎಂಬ ವಿಜ್ಞಾನಿಗಳು 1967ರಲ್ಲಿ ತೋರಿಸಿದರು. ನೆಗೆಯುವಾಗ ಅದು ನೆಲ ಒದೆಯುವುದು ಯಾವ ಗೆಣ್ಣಿನಿಂದ ಎಂಬ ಜಗಳ ಮಾತ್ರ 2011ರವರೆಗೂ ನಡೆಯಿತು. ಎರಡು ಮಿಲಿಮೀಟರಿನ ಜೀವಿಯ ಕಾಲಿನ ಬಗ್ಗೆ ನಲವತ್ತು ವರ್ಷ ತಲೆಕೆಡಿಸಿಕೊಂಡ ಜನರ ಬಗ್ಗೆ ನನಗೆ ಗೌರವವಿದೆ.

ನಮ್ಮ ನಾಯಿ ಬೆಕ್ಕುಗಳ ಮೈಮೇಲೆ ಸಿಗುವುದು ಬಹುಪಾಲು ಟೀನೊಸೆಫಲೈಡಿಸ್ ಕುಲದ ಚಿಗಟಗಳು. ಬೆಕ್ಕಿನ ಚಿಗಟವೆಂದು ಹೆಸರಾದದ್ದು ನಾಯಿಯನ್ನೂ ಬಿಡುವುದಿಲ್ಲ. ಅದರ ಸಮೀಪದ ನಂಟ ಓರಿಯೆಂಟಿಸ್ ಎಂಬುದು ನಾಯಿಯ ಜೊತೆಗೆ ಕುರಿ ಮೇಕೆಗಳನ್ನೂ ಹಿಡಿಯುತ್ತದೆ. ಮೇಕೆ ದೊಡ್ಡಿಗೆ ಕಾಲಿಟ್ಟ ಕೂಡಲೇ ಮೊಣಕಾಲಿನವರೆಗೆ ಮುತ್ತಿಕೊಂಡದ್ದನ್ನು ಕಂಡವರು ಇಲ್ಲಿ ಇದ್ದೀರಿ ಅಂದುಕೊಂಡಿದ್ದೇನೆ.

ಎಷ್ಟೋ ಮನೆಗಳಲ್ಲಿ ಚಿಗಟ ಕಣ್ಣಿಗೆ ಬೀಳುವುದೇ ಇಲ್ಲ. ಬೆಕ್ಕಂತೂ ಮೈ ನೆಕ್ಕಿ ನೆಕ್ಕಿ ಅದನ್ನು ನುಂಗಿಬಿಟ್ಟಿರುತ್ತದೆ. 'ನಮ್ಮ ಬೆಕ್ಕಿಗೆ ಚಿಗಟವಾ? ಸಾಧ್ಯವೇ ಇಲ್ಲ' ಎಂದು ಬೇಸರಪಟ್ಟುಕೊಳ್ಳುವವರ ಮುಂದೆ ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತಿದ್ದೆ. ಹೇನು ತೆಗೆಯುವ ಸೀರಣಿಗೆಯಿಂದ ಬಾಲದ ಬುಡದ ಹತ್ತಿರ ನಾಲ್ಕು ಸಲ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಹತ್ತಿಯ ಮೇಲೆ ಉದುರಿಸುವುದು. ಮಣ್ಣಾದರೆ ಮಣ್ಣಾಗಿಯೇ ಕೂರುತ್ತದೆ. ಚಿಗಟದ ಹಿಕ್ಕೆಯಾದರೆ ಅರ್ಧ ನಿಮಿಷದಲ್ಲಿ ಪ್ರತಿ ಕಣದ ಸುತ್ತ ತುಕ್ಕುಗೆಂಪು ಹರಡುತ್ತದೆ. ಅದು ಆ ಬೆಕ್ಕಿನದೇ ರಕ್ತ. ಅಲ್ಲಿಗೆ ವಾದ ಮುಗಿಯುತ್ತದೆ. ಈ ಪರೀಕ್ಷೆಗೆ ವೈದ್ಯರು ಬೇಕಿಲ್ಲ, ಮನೆಯಲ್ಲೇ ಮಾಡಿ.

ಆ ಹಿಕ್ಕೆಯನ್ನು ಒರೆಸಿ ಬಿಸಾಡುವ ಮುನ್ನ ಅದರ ಬಗ್ಗೆ ಇನ್ನೆರಡು ಮಾತು. ಹೆಣ್ಣು ಚಿಗಟ ದಿನಕ್ಕೆ ತನ್ನ ತೂಕದ ಹತ್ತಾರು ಪಟ್ಟು ರಕ್ತ ಕುಡಿಯುತ್ತದೆ. ಅಷ್ಟನ್ನೂ ಅದು ಅರಗಿಸಿಕೊಳ್ಳುವುದಿಲ್ಲ. ಪೂರ್ತಿ ಜೀರ್ಣವಾಗದ ರಕ್ತ ಒಣಗಿದ ಪುಡಿಯಾಗಿ ಹೊರಬಿದ್ದು ನೆಲಕ್ಕೆ ಉದುರುತ್ತದೆ. ಮೊದಲ ಊಟವಾಗಿ ಒಂದೂವರೆ ದಿನದೊಳಗೆ ಮೊಟ್ಟೆ ಶುರು, ಭರದಲ್ಲಿ ದಿನಕ್ಕೆ ನಲವತ್ತು ಐವತ್ತು. ಹೇನಿನ ಸೀರಿನ ಹಾಗೆ ಈ ಮೊಟ್ಟೆ ಕೂದಲಿಗೆ ಅಂಟುವುದಿಲ್ಲ. ನುಣುಪಾದ ಬಿಳಿ ಮೊಟ್ಟೆಗಳು ನಾಯಿ ಎಲ್ಲಿ ಮಲಗಿತೋ ಅಲ್ಲಿ, ಎಲ್ಲಿ ಮೈ ಕೊಡವಿತೋ ಅಲ್ಲಿ ಉದುರುತ್ತವೆ. ಜೊತೆಗೇ ರಕ್ತದ ಪುಡಿಯೂ ಉದುರುತ್ತದೆ. ಮೊಟ್ಟೆಯೊಡೆದು ಬಂದ ಮರಿಹುಳಕ್ಕೆ ಅದೇ ಊಟ. ತಾಯಿ ಮೇಲೆ ಕೂತು ಕೆಳಗಿನ ಮಕ್ಕಳಿಗೆ ಬುತ್ತಿ ಉದುರಿಸುತ್ತಾಳೆ. ಮಕ್ಕಳ ಮುಖವನ್ನು ಮಾತ್ರ ಆಕೆ ಎಂದೂ ನೋಡುವುದಿಲ್ಲ.

ಮರಿಹುಳ ಕಚ್ಚುವುದಿಲ್ಲ, ನಾಯಿಯ ಮೈಮೇಲೂ ಇರುವುದಿಲ್ಲ. ಕಣ್ಣಿಲ್ಲ, ಕಾಲಿಲ್ಲ, ಬಿಳಿ ದಾರದ ಚೂರಿನಷ್ಟು ಗಾತ್ರ. ಬೆಳಕು ಕಂಡರೆ ಆಗದು. ಜಮಖಾನೆಯ ಅಡಿ, ನೆಲದ ಬಿರುಕು, ದಿವಾನದ ಕೆಳಗೆ, ನಾಯಿಯ ಗೋಣಿಚೀಲದ ಮಡಿಕೆಗೆ ಇಳಿದುಬಿಡುತ್ತದೆ. ಗಾಳಿಯಲ್ಲಿ ತೇವ ಅರ್ಧಕ್ಕಿಂತ ಕಡಿಮೆಯಾದರೆ ಒಣಗಿ ಸಾಯುತ್ತದೆ, ಬಿಸಿಲಿನ ಝಳವನ್ನೂ ತಡೆಯಲಾರದು. ಹಾಗಾಗಿ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಂಗಳದ ಚಿಗಟ ತಾನಾಗಿ ಇಳಿಯುತ್ತದೆ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಅದಕ್ಕೆ ವರ್ಷದ ಬಹುಕಾಲ ಸುಗ್ಗಿ. ಇನ್ನು ಬೆಂಗಳೂರು. ಚಳಿಯೂ ಹೆಚ್ಚಿಲ್ಲ, ಸೆಕೆಯೂ ಹೆಚ್ಚಿಲ್ಲ ಎಂದು ನಾವು ಹೊಗಳಿಕೊಳ್ಳುವ ಹವೆ ಚಿಗಟಕ್ಕೂ ಹಿತ.

ಮುಂದಿನ ಹಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಹುಳ ಹಣ್ಣಾದ ಮೇಲೆ ಗೂಡು ಕಟ್ಟುವ ಹಾಗೆ ಚಿಗಟದ ಹುಳವೂ ಬಾಯಿಂದ ನೂಲು ತೆಗೆದು ಗೂಡು ಕಟ್ಟುತ್ತದೆ. ಈ ಗೂಡಿಗೆ ಅಂಟು ಇದೆ. ಸುತ್ತಲಿನ ದೂಳು, ಕೂದಲು, ಮಣ್ಣು ಮೆತ್ತಿಕೊಂಡು, ಕಣ್ಣೆದುರಿಗೇ ಇದ್ದರೂ ಕಸದ ಕಣವೆಂದೇ ತೋರುತ್ತದೆ. ಒಳಗೆ ಒಂದೆರಡು ವಾರದಲ್ಲಿ ಚಿಗಟ ತಯಾರು. ತಯಾರಾದ ಮೇಲೂ ಅದು ಹೊರಗೆ ಬರಲೇಬೇಕೆಂದಿಲ್ಲ. ನೆಲ ಅದುರಬೇಕು, ಮೇಲೆ ಭಾರ ಬೀಳಬೇಕು, ಬಿಸಿ ತಾಗಬೇಕು, ಉಸಿರಿನ ಇಂಗಾಲದ ಡೈಆಕ್ಸೈಡ್ ಸೋಕಬೇಕು. ಅಂದರೆ ರಕ್ತವಿರುವ ಪ್ರಾಣಿ ಬಂತೆಂದು ಖಾತ್ರಿಯಾಗಬೇಕು. ಅಲ್ಲಿಯವರೆಗೆ ವಾರಗಟ್ಟಲೆ, ಅನುಕೂಲವಿದ್ದರೆ ತಿಂಗಳುಗಟ್ಟಲೆ ಗೂಡಿನಲ್ಲೇ ಕಾಯುತ್ತದೆ. ಮೇಲೆ ಸಿಂಪಡಿಸಿದ ಕೀಟನಾಶಕ ಗೂಡಿನೊಳಗೆ ಸರಿಯಾಗಿ ತಲುಪುವುದೇ ಇಲ್ಲ.

ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳು ಬಿಟ್ಟು ಬಂದವರು ಬೀಗ ತೆಗೆದು ಒಳಗೆ ನಾಲ್ಕು ಹೆಜ್ಜೆ ಇಟ್ಟಿರುತ್ತಾರೆ, ಕಾಲೆಲ್ಲ ಚಿಗಟ. 'ಮನೆಯಲ್ಲಿ ಯಾರೂ ಇರಲಿಲ್ಲ, ನಾಯಿಯೂ ನಮ್ಮ ಜೊತೆಗೇ ಇತ್ತು, ಎಲ್ಲಿಂದ ಬಂತು?' ಎಂದು ಗಾಬರಿಯಿಂದ ಕೇಳುತ್ತಾರೆ. ಯಾರೂ ಇರಲಿಲ್ಲ, ಅದಕ್ಕೇ ಬಂತು. ಒಂದು ತಿಂಗಳಲ್ಲಿ ತಯಾರಾದವೆಲ್ಲ ಕಾಯುತ್ತ ಕೂತಿದ್ದವು. ನಿಮ್ಮ ಸೂಟ್‌ಕೇಸು ನೆಲಕ್ಕೆ ಕುಕ್ಕಿದ ಸದ್ದೇ ಅವಕ್ಕೆ ಊಟದ ಗಂಟೆ. ಬಾಡಿಗೆಗೆ ಹೊಸ ಮನೆ ಹಿಡಿದವರು, ಹಿಂದಿನವರು ಬೆಕ್ಕು ಸಾಕಿದ್ದರೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಬಿಳಿ ಕಾಲುಚೀಲವನ್ನು ಮೊಣಕಾಲಿನವರೆಗೆ ಎಳೆದುಕೊಂಡು ಕೋಣೆ ಕೋಣೆಯಲ್ಲಿ ಸ್ವಲ್ಪ ಓಡಾಡಿ ನೋಡಿದರೂ ಸಾಕು, ಇದ್ದರೆ ಅಲ್ಲೇ ಕಾಣಿಸಿಕೊಳ್ಳುತ್ತವೆ.

ಒಟ್ಟು ಸಂಸಾರದಲ್ಲಿ ಮೈಮೇಲೆ ಕಾಣುವ ದೊಡ್ಡ ಚಿಗಟಗಳು ಶೇಕಡಾ 5, ಉಳಿದ 95 ಮೊಟ್ಟೆ, ಹುಳ, ಗೂಡಾಗಿ ನೆಲದಲ್ಲಿರುತ್ತವೆ ಎಂದು ಪಶುವೈದ್ಯರು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. ಪ್ರತಿ ಮನೆಗೂ ಇದನ್ನು ಅಳೆದು ನೋಡಿಲ್ಲ, ಆದರೆ ಪ್ರಮಾಣದ ಅಂದಾಜಿಗೆ ಸಾಕು. ನಾಯಿಯನ್ನು ತಿಕ್ಕಿ ತೊಳೆದಾಗ ಹೋದದ್ದು ಆ ಐದರಲ್ಲಿ ಒಂದಷ್ಟು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಚಿಗಟ ಹೆಚ್ಚಾಯಿತೆಂದು ಬೆಕ್ಕನ್ನು ಚೀಲದಲ್ಲಿ ಹಾಕಿ ದೂರದ ಮಾರುಕಟ್ಟೆಯ ಹತ್ತಿರ ಬಿಟ್ಟು ಬರುವವರಿದ್ದಾರೆ. ಅಪಾರ್ಟ್‌ಮೆಂಟಿನ ಒಂದು ಕುಟುಂಬ ಹಾಗೆ ಮಾಡಿದ ಮೇಲೆ ಮನೆಯ ಮಗುವನ್ನು ಚರ್ಮದ ವೈದ್ಯರಿಗೆ ತೋರಿಸಬೇಕಾಯಿತು. ಪಾದದಿಂದ ಮೀನಖಂಡದವರೆಗೆ ಕೆಂಪು ಗುಳ್ಳೆ, ನಡುವೆ ಚುಚ್ಚಿದ ಸಣ್ಣ ಗುರುತು. ಬೆಕ್ಕು ಇದ್ದಾಗ ಚಿಗಟಗಳು ಬೆಕ್ಕನ್ನು ಹುಡುಕಿಕೊಂಡು ಹೋಗುತ್ತಿದ್ದವು, ಬೆಕ್ಕು ಹೋದ ಮೇಲೆ ನೆಲದಿಂದ ಎದ್ದವಕ್ಕೆ ಸಿಕ್ಕಿದ್ದು ಮಗುವಿನ ಕಾಲು. ಔಷಧಿ ಹಾಕಿದ ಬೆಕ್ಕು ಮನೆಯೊಳಗೆ ಓಡಾಡುತ್ತಿದ್ದರೆ ಗೂಡಿನಿಂದ ಎದ್ದ ಚಿಗಟವೆಲ್ಲ ಅದರ ಮೈ ಹತ್ತಿ ಸಾಯುತ್ತದೆ. ಅದನ್ನು ಮನೆಯಿಂದ ಅಟ್ಟುವುದು ಕರುಣೆಯಿಲ್ಲದ ಕೆಲಸ. ಅದಕ್ಕಿಂತ ಹೆಚ್ಚಾಗಿ ದಡ್ಡತನ.

ಪ್ಲೇಗಿನ ಬಗ್ಗೆ ಕೇಳೇ ಕೇಳುತ್ತೀರಿ, ಆದ್ದರಿಂದ ನಾನೇ ಎತ್ತುತ್ತೇನೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿ, ಧಾರವಾಡಗಳೂ ನಲುಗಿದವು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಭಯವಿತ್ತು. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಕಾಯಿಲೆ ಹೇಗೆ ಹರಡುತ್ತದೆಂದು ಸರ್ಕಾರಕ್ಕೆ ಗೊತ್ತಿಲ್ಲದ ಕಾಲದಲ್ಲೇ ನಮ್ಮ ಹಳ್ಳಿಯ ಹೆಂಗಸರು 'ಇಲಿ ಬಿತ್ತು' ಎಂದ ಕೂಡಲೇ ಪಾತ್ರೆಪಗಡ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸೂರಿನಿಂದ ಇಲಿ ಸತ್ತು ಬಿದ್ದರೆ ಮುಂದೆ ಮನುಷ್ಯನ ಸರದಿ ಎಂಬುದು ಅನುಭವದ ತಿಳಿವಳಿಕೆ. ಇಲಿಯಿಂದ ಮನುಷ್ಯನಿಗೆ ಅದನ್ನು ದಾಟಿಸುವವರು ಯಾರು ಎಂಬುದನ್ನು ತೋರಿಸಿದ್ದು ಪಾಲ್-ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ಅದೇ 1898ರ ಜೂನಿನಲ್ಲಿ, ಕರಾಚಿಯಲ್ಲಿ. ಗಾಜಿನ ಭರಣಿಯೊಳಗೆ ಚಿಗಟವಿದ್ದ ರೋಗದ ಇಲಿ. ಅದನ್ನು ಮುಟ್ಟಲಾಗದ ಹಾಗೆ ಪಂಜರದಲ್ಲಿ ಒಂದು ಆರೋಗ್ಯವಂತ ಇಲಿ. ರೋಗದ ಇಲಿ ಸತ್ತು ತಣ್ಣಗಾದ ಮೇಲೆ ಚಿಗಟ ಅದನ್ನು ಬಿಟ್ಟು ಇದಕ್ಕೆ ಹಾರಿತು. ಕೆಲವೇ ದಿನದಲ್ಲಿ ಇದೂ ಪ್ಲೇಗಿನಿಂದ ಸತ್ತಿತು. ವಿದ್ವಾಂಸರು ಆತನನ್ನು ಬಹಳ ವರ್ಷ ನಂಬಲಿಲ್ಲ. ಮುಂದೆ ಮುಂಬೈಯಲ್ಲಿ ನಡೆದ ದೊಡ್ಡ ಪ್ರಯೋಗಗಳು ಆತನ ಮಾತನ್ನೇ ಸಾಬೀತುಮಾಡಿದವು. 1914ರಲ್ಲಿ ಬೇಕಾಟ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಇನ್ನೊಂದು ಮೆಟ್ಟಿಲು ಹತ್ತಿದರು. ಪ್ಲೇಗಿನ ಬ್ಯಾಕ್ಟೀರಿಯಾ ಚಿಗಟದ ಅನ್ನನಾಳದಾಚೆ ಗಂಟುಕಟ್ಟಿ ದಾರಿ ಮುಚ್ಚುತ್ತದೆ. ಕುಡಿದ ರಕ್ತ ಒಳಗಿಳಿಯುವುದಿಲ್ಲ. ಹಸಿವಿನಿಂದ ಹುಚ್ಚೆದ್ದ ಚಿಗಟ ಕಚ್ಚಿದಲ್ಲೆಲ್ಲ ಅದನ್ನೇ ವಾಂತಿ ಮಾಡುತ್ತದೆ.

ಆದರೆ ಅದು ಇಲಿಯ ಚಿಗಟ, ಜೆನಾಪ್ಸಿಲ್ಲಾ ಎಂಬ ಬೇರೆಯೇ ಕುಲ. ನಿಮ್ಮ ನಾಯಿಯ ಮೈಮೇಲಿನದು ಆ ಕೆಲಸಕ್ಕೆ ಅಷ್ಟು ಸಮರ್ಥವಲ್ಲ. ಹೆದರಬೇಕಾದ್ದು ಇನ್ನೊಂದಿದೆ. ಚಿಗಟದ ಮರಿಹುಳ ನೆಲದಲ್ಲಿ ಲಾಡಿಹುಳದ ಮೊಟ್ಟೆಯನ್ನು ತಿಂದಿರುತ್ತದೆ. ಆ ಚಿಗಟ ದೊಡ್ಡದಾದ ಮೇಲೆ ನಾಯಿ ಅದನ್ನು ನುಂಗಿದರೆ ಲಾಡಿಹುಳ ನಾಯಿಯ ಕರುಳಿಗೆ ಸೇರುತ್ತದೆ. ಗುದದ ಸುತ್ತ ಸೌತೆಬೀಜದ ಹಾಗೆ ಬಿಳಿ ತುಣುಕು ಹರಿದಾಡುವುದನ್ನು ಕಂಡು ಜಂತುಮಾತ್ರೆ ಕೊಡುತ್ತೇವೆ. ಚಿಗಟ ಉಳಿದಿದ್ದರೆ ಮುಂದಿನ ತಿಂಗಳು ಹುಳ ಮತ್ತೆ ಹಾಜರು. ನೆಲದಲ್ಲಿ ಆಡುವ ಮಕ್ಕಳು ಅಪ್ಪಿತಪ್ಪಿ ಚಿಗಟ ನುಂಗಿದರೆ ಅವರಿಗೂ ಇದೇ. ಇನ್ನು ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಒಗ್ಗುವುದಿಲ್ಲ. ಒಂದೆರಡು ಕಡಿತಕ್ಕೇ ಸೊಂಟದಿಂದ ಬಾಲದವರೆಗೆ ಕೂದಲುದುರಿ ಹುಣ್ಣಾಗುತ್ತದೆ. ಎಳೆಯ ಮರಿಗಳ ಕತೆ ಬೇರೆ: ಒಸಡು ಬಿಳಿಚಿಕೊಂಡಿದ್ದರೆ ಅದು ರಕ್ತವೇ ಖಾಲಿಯಾಗುತ್ತಿರುವ ಲಕ್ಷಣ, ಅಂದೇ ವೈದ್ಯರಲ್ಲಿಗೆ ಒಯ್ಯಬೇಕು.

ಈಗ ಔಷಧಿಗೆ ಬರೋಣ. ಮೊದಲು ಮಾಡಬಾರದ್ದು, ಏಕೆಂದರೆ ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ಚಿಗಟದಿಂದ ಆದವಲ್ಲ, ಚಿಗಟ ಓಡಿಸುವ ಅವಸರದಿಂದ ಆದವು.

ಒಂದು ಸಂಜೆ ಬುಟ್ಟಿಯಲ್ಲಿ ಹಾಕಿ ತಂದ ಬೆಕ್ಕು ನಡುಗುತ್ತಿತ್ತು. ಕಿವಿ ಅದುರುತ್ತಿತ್ತು, ಕಣ್ಣಿನ ಪಾಪೆ ಅಗಲವಾಗಿತ್ತು, ಮುಟ್ಟಿದರೆ ಸೆಟೆದುಕೊಳ್ಳುತ್ತಿತ್ತು. ಅಂಗಡಿಯವನು 'ನಾಯಿದೇ ಔಷಧಿ ಸ್ವಲ್ಪ ಕಡಿಮೆ ಹಾಕಿ, ನಡೆಯುತ್ತೆ' ಎಂದಿದ್ದನಂತೆ. ನಾಯಿಯ ಕತ್ತಿಗೆ ಹಚ್ಚಿ ಉಳಿದ ನಾಲ್ಕು ಹನಿಯನ್ನು ಬೆಕ್ಕಿಗೆ ಹಚ್ಚಿದ್ದರು. ಅದರಲ್ಲಿದ್ದದ್ದು ಪರ್ಮೆಥ್ರಿನ್. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಒಡೆದು ಹೊರಹಾಕುವ ಶಕ್ತಿ ತೀರ ಕಡಿಮೆ. ಪಾತ್ರೆ ತೊಳೆಯುವ ಸೋಪಿನಿಂದ ಬಿಸಿ ತಾಗದ ಹಾಗೆ ಮೈ ತೊಳೆದು, ನಡುಕಕ್ಕೆ ಚುಚ್ಚುಮದ್ದು ಕೊಟ್ಟು, ಡ್ರಿಪ್ ಹಾಕಿ ಉಳಿಸಿಕೊಂಡೆವು. ಎಲ್ಲ ಬೆಕ್ಕುಗಳಿಗೂ ಆ ಅದೃಷ್ಟವಿರುವುದಿಲ್ಲ. ನಾಯಿಯ ಉಣ್ಣೆಗೆಂದು ನೀರಿಗೆ ಬೆರೆಸುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಸಲ್ಲದು. ಫಿನಾಯಿಲ್ ಸುರಿದ ನೀರಿನಿಂದ ನಾಯಿಗೆ ಮೈ ಒರೆಸುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದು ಚರ್ಮ ಸುಡುತ್ತದೆ, ನೆಕ್ಕಿದ ಬೆಕ್ಕಿಗೆ ವಿಷ. ಸೀಮೆಎಣ್ಣೆ, ಕರ್ಪೂರದ ಎಣ್ಣೆ, ಬೆಳ್ಳುಳ್ಳಿ ತಿನ್ನಿಸುವುದು ಇವೆಲ್ಲ ಅದೇ ಪಂಗಡ. ಹಳೆಯ ತಲೆಮಾರಿನವರು ನೆಚ್ಚಿಕೊಂಡಿದ್ದ ಗಮಾಕ್ಸಿನ್ ಪುಡಿ ಈಗ ನಿಷಿದ್ಧ. ಅಟ್ಟದ ಮೇಲೆ ಹಳೆಯ ಡಬ್ಬ ಉಳಿದಿದ್ದರೆ ದಯವಿಟ್ಟು ನಾಯಿಗೆ ಎರಚಬೇಡಿ. 'ಒಂದು ಐವರ್‌ಮೆಕ್ಟಿನ್ ಹಾಕಿಬಿಡಿ ಡಾಕ್ಟ್ರೇ' ಎಂದು ಕೇಳುವವರೂ ಇದ್ದಾರೆ. ಕಜ್ಜಿಹುಳಕ್ಕೆ ಅದು ಒಳ್ಳೆಯ ಔಷಧಿ, ಚಿಗಟದ ಮೇಲೆ ಭರವಸೆ ಇಡುವಂಥದ್ದಲ್ಲ, ಕೋಲಿ ತಳಿಯ ನಾಯಿಗಂತೂ ಪ್ರಾಣಕ್ಕೇ ಸಂಚಕಾರ. ಬೇವಿನೆಣ್ಣೆ ಹಚ್ಚಿದ ನಾಯಿಯ ಹತ್ತಿರ ಚಿಗಟಕ್ಕಿಂತ ಮೊದಲು ಮನೆಯವರು ದೂರವಾಗುತ್ತಾರೆ. ನೆಲದಲ್ಲಿರುವ ತೊಂಬತ್ತೈದಕ್ಕೆ ಅದರಿಂದ ಏನೂ ಆಗದು.

ಮಾಡಬೇಕಾದ್ದು ಕಷ್ಟವಲ್ಲ, ತಾಳ್ಮೆ ಬೇಕು. ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕಿಗೂ ಒಟ್ಟಿಗೆ ಔಷಧಿಯಾಗಬೇಕು. ಒಂದನ್ನು ಬಿಟ್ಟರೆ ಅದೇ ಮೊಟ್ಟೆಯ ಕಣಜ. ಕತ್ತಿನ ಹಿಂಭಾಗದಲ್ಲಿ ಕೂದಲು ಬಿಡಿಸಿ ಚರ್ಮಕ್ಕೇ ಹಾಕುವ ಸ್ಪಾಟ್ ಆನ್ ಇವೆ, ಫಿಪ್ರೊನಿಲ್, ಸೆಲಾಮೆಕ್ಟಿನ್ ಮುಂತಾದವು. ಫಿಪ್ರೊನಿಲ್ ಚರ್ಮದ ಜಿಡ್ಡಿನ ಜೊತೆ ಮೈಯೆಲ್ಲ ಹರಡುವ ಔಷಧಿ. ಹಾಕುವ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಬೇಡ. ವಾರವಾರ ಶಾಂಪೂ ಹಾಕುವ ಮನೆಗಳಲ್ಲಿ ದುಬಾರಿ ಔಷಧಿ ಚರಂಡಿ ಸೇರುವುದು ಹೀಗೆ. ಮನೆಯಲ್ಲಿ ಮೊಲವಿದ್ದರೆ ಫಿಪ್ರೊನಿಲ್ ಅದಕ್ಕೆ ಸೋಕಲೂಬಾರದು. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಂದ ಐಸಾಕ್ಸಜೊಲಿನ್ ವರ್ಗದ ಮಾತ್ರೆಗಳು ನಮ್ಮ ಕೆಲಸವನ್ನೇ ಬದಲಿಸಿದವು. ಅವುಗಳಲ್ಲಿ ಫ್ಲುರಾಲೇನರ್ ನಾಯಿಗೆ ಒಮ್ಮೆ ಕೊಟ್ಟರೆ 12 ವಾರ ಕೆಲಸ ಮಾಡುತ್ತದೆ. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ವೈದ್ಯರಿಗೆ ಹೇಳಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಈ ವರ್ಗದ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಎಂಟು ವಾರ ತುಂಬದ ಮರಿಗೆ ಇವುಗಳಲ್ಲಿ ಹೆಚ್ಚಿನವು ಬೇಡ. ಸೀರಣಿಗೆ ಮತ್ತು ಸೋಪುನೀರಿನ ಬಟ್ಟಲು ಸಾಕು. ಬಾಚಿದ ಚಿಗಟವನ್ನು ಉಗುರಿನಲ್ಲಿ ಹಿಸುಕಬೇಡಿ, ಸೋಪುನೀರಿಗೆ ಹಾಕಿ.

ಮನೆಯ ಮಟ್ಟಿಗೆ ಪೊರಕೆಯೇ ಮುಖ್ಯ ಆಯುಧ, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಅದುರಿಗೆ ಗೂಡಿನಲ್ಲಿದ್ದವು ಹೊರಬರುತ್ತವೆ, ಆಮೇಲೆ ಔಷಧಿ ಹಾಕಿದ ನಾಯಿಗೆ ಸಿಕ್ಕಿ ಸಾಯುತ್ತವೆ. ಸೋಫಾದ ದಿಂಬಿನ ಸಂದು, ಮಂಚದ ಕೆಳಗೆ, ನಾಯಿ ಕೂರುವ ಕಾರಿನ ಹಿಂದಿನ ಸೀಟು ಯಾವುದನ್ನೂ ಬಿಡಬಾರದು. ಗುಡಿಸಿದ ಕಸ ಅಂದೇ ಮನೆಯಿಂದ ಹೊರಗೆ. ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಕುದಿವ ಬಿಸಿನೀರಿನಲ್ಲಿ ಅದ್ದಿ ಉರಿಬಿಸಿಲಿಗೆ ಹಾಕಿ. ಹಾಸಿಗೆ ಬಿಸಿಲಿಗೆ ಹಾಕುವ ಅಜ್ಜಿಯ ಹಟ ಇಲ್ಲಿ ನೂರಕ್ಕೆ ನೂರು ಸರಿ. ಮಣ್ಣಿನ ನೆಲದ ಮನೆಯಲ್ಲಿ ಬಿರುಕು ಮುಚ್ಚುವ ಹಾಗೆ ಸಾರಿಸುವುದರಿಂದ ಹುಳಕ್ಕೆ ತಾವು ತಪ್ಪುತ್ತದೆ. ಕೊಟ್ಟಿಗೆಯಲ್ಲಾದರೆ ಹಳೆಯ ದರಗು ಪೂರ್ತಿ ತೆಗೆದು ನೆಲ ಒಣಗಿಸಿ. ಪೆಸ್ಟ್ ಕಂಟ್ರೋಲಿನವರನ್ನು ಕರೆಯುವುದಿದ್ದರೆ ಮೊಟ್ಟೆ, ಹುಳ ಬೆಳೆಯದಂತೆ ತಡೆಯುವ ಔಷಧಿ, ಉದಾಹರಣೆಗೆ ಪೈರಿಪ್ರಾಕ್ಸಿಫೆನ್, ಅದರಲ್ಲಿ ಇದೆಯೇ ಎಂದು ಕೇಳಿ. ಸಿಂಪಡಣೆಗೆ ಮುನ್ನ ಮೀನಿನ ತೊಟ್ಟಿ ಆಚೆ ಹೋಗಲಿ, ನೆಲ ಒಣಗುವವರೆಗೆ ಬೆಕ್ಕು ಒಳಗೆ ಬರುವುದು ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಮೂರು ವಾರ ಚಿಗಟ ಕಾಣಿಸುತ್ತದೆ. ಜನ ಸೋಲುವುದು ಇಲ್ಲೇ. 'ನಿಮ್ಮ ಔಷಧಿ ಹಿಡೀಲಿಲ್ಲ' ಎಂದು ಇನ್ನೊಬ್ಬ ವೈದ್ಯರ ಹತ್ತಿರ ಹೋಗುತ್ತಾರೆ, ಅವರು ಬೇರೆ ಔಷಧಿ ಕೊಡುತ್ತಾರೆ, ಅಷ್ಟರಲ್ಲಿ ಗೂಡು ಖಾಲಿಯಾಗಿ ಅವರಿಗೆ ಹೆಸರು ಬರುತ್ತದೆ. ಇದರಲ್ಲಿ ನನಗೆ ಬೇಸರವಿಲ್ಲ. ಎಷ್ಟೋ ಸಲ ಆ ಎರಡನೆಯ ವೈದ್ಯ ನಾನೇ ಆಗಿದ್ದೇನೆ. ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಿದರೆ ನೆಲದಲ್ಲಿರುವ ಹಳೆಯ ದಾಸ್ತಾನು ಮುಗಿಯುತ್ತದೆ.

ನಿಮ್ಮ ಮನೆ ಶುದ್ಧವಾದರೂ ಮೆಟ್ಟಿಲ ಕೆಳಗೆ ಬೀದಿ ಬೆಕ್ಕು ಮರಿ ಹಾಕಿರುತ್ತದೆ, ಕಾರ್ ಪಾರ್ಕಿಂಗಿನ ನೆರಳಿನ ಮರಳಲ್ಲಿ ಬೀದಿ ನಾಯಿ ಮಲಗಿರುತ್ತದೆ. ಅವಕ್ಕೆ ಅನ್ನ ಹಾಕುವ ದಯಾವಂತರು ಪ್ರತಿ ಬೀದಿಯಲ್ಲೂ ಇದ್ದಾರೆ. ಚಿಗಟದ ಔಷಧಿಗೆ ದುಡ್ಡು ಹಾಕಿ ಎಂದರೆ ಸಂಖ್ಯೆ ಇಳಿಯುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ (ಎಬಿಸಿ) ನಿಯಮದಂತೆ ಬೀದಿ ನಾಯಿಯನ್ನು ಹಿಡಿದು, ಸಂತಾನಶಕ್ತಿಹರಣ ಮಾಡಿ, ರೇಬಿಸ್ ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡುತ್ತಾರೆ. ಶಸ್ತ್ರಚಿಕಿತ್ಸೆಗೆಂದು ಹೇಗೂ ಕೈಗೆ ಸಿಕ್ಕಿದ ನಾಯಿಗೆ ಮೂರು ತಿಂಗಳು ನಿಲ್ಲುವ ಒಂದು ಮಾತ್ರೆಯನ್ನೂ ಕೊಟ್ಟರೆ ಇಡೀ ಬೀದಿಗೆ ಅನುಕೂಲ. ಸರ್ಕಾರವೇ ಭರಿಸಲಿ ಎಂದು ಕಾಯುವ ಬದಲು ನಿವಾಸಿಗಳ ಸಂಘಗಳು ತಮ್ಮ ಬೀದಿಯ ನಾಯಿಗಳ ಮಟ್ಟಿಗೆ ಅದರ ಖರ್ಚು ಹೊರಬಹುದು. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಆಗುವ ಖರ್ಚಿನಲ್ಲಿ ಸಣ್ಣ ಪಾಲು ಸಾಕು. ಆರ್ಕೆಸ್ಟ್ರಾ ಬೇಡವೆಂದು ನಾನು ಹೇಳಿದೆನೆಂದು ಯಾರೂ ಬರೆದುಕೊಳ್ಳಬೇಡಿ.

ಸಮಯವಾಯಿತೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಶ್ನೆಗಳಿಗೆ ಕಾಲು ಗಂಟೆ ಇದೆ. ಕೇಳುವವರು ನಿಮ್ಮ ಪ್ರಾಣಿ ನಾಯಿಯೋ ಬೆಕ್ಕೋ, ವಯಸ್ಸೆಷ್ಟು, ತೂಕವೆಷ್ಟು ಎಂಬುದನ್ನು ಮೊದಲು ಹೇಳಿ. ಮೊಬೈಲಿನಲ್ಲಿ ಫೋಟೊ ತೋರಿಸಿದರೆ ತೂಕ ಗೊತ್ತಾಗುವುದಿಲ್ಲ, ತೂಕ ಗೊತ್ತಿಲ್ಲದೆ ನಾನು ಡೋಸು ಹೇಳುವುದಿಲ್ಲ.